ಬೆಲೆ ಇಳಿಯುವವರೆಗೆ

ಫೆಬ್ರವರಿ 4, ಭಾನುವಾರ

ಇವತ್ತು ಕೊನೆಯ ದೀಪ ಹೊತ್ತಿಸಿದೆವು. ಟಿವಿಯೊಳಗಿನ ಸಮುದ್ರದಲ್ಲಿ. ಆದರೂ ನನ್ನ ಅಂಗೈ ನಿಜವಾಗಿಯೇ ಒದ್ದೆಯಾಗಿತ್ತು.

ಈ ಆಟಕ್ಕೆ ಇಬ್ಬರು ಬೇಕು. ಒಬ್ಬರು ದೋಣಿಯ ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ಹಾಯಿಯ ಹಗ್ಗ ಎಳೆಯಬೇಕು. ಹೀಗೆ ಹೋಗುತ್ತಾ ಹೋಗುತ್ತಾ ಆರಿಹೋದ ದೀಪಸ್ತಂಭಗಳನ್ನೆಲ್ಲ ಹೊತ್ತಿಸಬೇಕು. ಚುಕ್ಕಾಣಿ ಅಣ್ಣನದು, ಹಗ್ಗ ನನ್ನದು. ಮೊದಲ ದಿನ ಅಣ್ಣ ಎಳೆ ಎಂದಾಗ ನಾನು ಹಗ್ಗ ಬಿಟ್ಟು, ಬಿಡು ಎಂದಾಗ ಎಳೆದು ಇಬ್ಬರನ್ನೂ ಮುಳುಗಿಸಿದ್ದೆ. "ಏ ಸೂಜಿ, ನೀನು ಹೊಲಿಯೋ ಅಂಗಿಗಳ ಗತಿ ಏನೇ?" ಎಂದು ಅಣ್ಣ ನಕ್ಕಿದ್ದ. ನಾನು ದರ್ಜಿ. ನಾಲಿಗೆಯೂ ಚೂಪು. ಅದಕ್ಕೇ ಚಿಕ್ಕಂದಿನಿಂದ ಅವನಿಗೆ ನಾನು ಸೂಜಿ.

ಅವನು ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವನು. ಆಕಾಶದಲ್ಲಿ ನೇತುಹಾಕಿದಂತಿದ್ದ ಗಾಜಿನ ಗೂಡಿನಲ್ಲಿ ಕುಳಿತು, ಎರಡು ಕೈಗೆ ಎರಡು ಲಿವರ್ ಹಿಡಿದು, ಮನೆಯಷ್ಟು ದೊಡ್ಡ ಪೆಟ್ಟಿಗೆಯನ್ನು ಹಡಗಿನಿಂದೆತ್ತಿ, ನಿದ್ದೆ ಬಂದ ಮಗುವನ್ನು ಮಲಗಿಸುವ ಹಾಗೆ ಲಾರಿಯ ಮೇಲಿಡುತ್ತಿದ್ದ. ಜೊತೆಯವರು ಗರುಡ ಎಂದು ಕರೆಯುತ್ತಿದ್ದರು. ಹೋದ ವರ್ಷದ ಕೊನೆಗೆ ಬಲಗೈಯ ಹೆಬ್ಬೆರಳು ಅವನ ಮಾತು ಕೇಳದಾಯಿತು. ಗರುಡನನ್ನು ಕೆಳಗಿಳಿಸಿದರು. ನರಗಳು ಒಂದೊಂದಾಗಿ ಸುಮ್ಮನಾಗುವ ಕಾಯಿಲೆ ಎಂದರು ಡಾಕ್ಟರು. ಗುಣವಾಗುತ್ತದೆಯೇ ಎಂದು ಅತ್ತಿಗೆ ಕೇಳಿದ್ದಕ್ಕೆ, "ನಿಧಾನ ಮಾಡೋಕೆ ನೋಡಬಹುದು" ಎಂದರು. ನಾನು ಬಾಡಿಗೆ ಕೋಣೆ ಬಿಟ್ಟು ಅಣ್ಣನ ಮನೆಗೆ ಬಂದೆ. ಅತ್ತಿಗೆಗೆ ಬೇಕರಿಯಲ್ಲಿ ಬೆಳಗಿನ ಪಾಳಿ, ನನಗೆ ಮಧ್ಯಾಹ್ನದ ಮೇಲೆ ಅಂಗಡಿ. ಒಬ್ಬರಲ್ಲ ಒಬ್ಬರು ಮನೆಯಲ್ಲಿರುತ್ತೇವೆ.

ಡಾಕ್ಟರಿಗೆ ಅಣ್ಣನ ಕೈಚಳಕ ಗೊತ್ತಿಲ್ಲ. ಇವತ್ತು ಕೊನೆಯ ದೀಪದ ಹತ್ತಿರದ ಸುಳಿಯ ನಡುವೆ ದೋಣಿಯನ್ನು ಹೇಗೆ ತೂರಿಸಿದ! ಕಾಯಿಲೆಯ ಕೈ ಎಂದು ಯಾರಾದರೂ ಹೇಳಲಿ ನೋಡೋಣ.

ಆಟ ಮಾಡಿದವರ ಹೆಸರುಗಳು ಪರದೆಯ ಮೇಲೆ ಹರಿದವು. ಅಣ್ಣ ಒಂದನ್ನೂ ಬಿಡದೆ ಓದಿದ. "ಮುಗೀತಲ್ಲೇ" ಎಂದ.

ಫೆಬ್ರವರಿ 10, ಶನಿವಾರ

ಮುಗಿದಿಲ್ಲವಂತೆ.

ನಮ್ಮ ಬಟ್ಟೆಯಂಗಡಿಯ ಎರಡು ಬಾಗಿಲಾಚೆ ವಿಡಿಯೋ ಗೇಮ್ ಅಂಗಡಿ ಇದೆ. ಅದರ ಯಜಮಾನ ಒಳಗೂ ಹೊರಗೂ ಟೋಪಿ ತೆಗೆಯದವನು. ನಾವೆಲ್ಲ ಅವನನ್ನು ಟೋಪಿ ಎಂದೇ ಕರೆಯುತ್ತೇವೆ. ಹೆಸರಿಗಷ್ಟೇ ಟೋಪಿ, ಯಾರಿಗೂ ಹಾಕುವವನಲ್ಲ. ಬೇಡದ್ದನ್ನು ಬೇಡ ಎಂದು ಹೇಳಿ ತನ್ನ ವ್ಯಾಪಾರವನ್ನೇ ಕೆಡಿಸಿಕೊಳ್ಳುತ್ತಾನೆ.

"ಅಕ್ಕಾ, ನಿಮ್ಮ ದೀಪದಾಟಕ್ಕೆ ಡಿಎಲ್‌ಸಿ ಬರ್ತಾ ಇದೆ" ಎಂದ.

"ಅದೇನಪ್ಪ, ಲಸಿಕೆನಾ?"

ಅಲ್ಲವಂತೆ. ಆಟಕ್ಕೆ ಬಾಲ. ಕೊನೆಯ ದೀಪದಾಚೆ ಇನ್ನೊಂದು ಸಮುದ್ರ, ಮಂಜುಗಡ್ಡೆ, ಹೊಸ ಸ್ತಂಭಗಳು. ಹೆಸರು 'ಉತ್ತರದ ನೀರು'. ಬೇರೆಯಾಗಿ ಹಣ ಕೊಟ್ಟು ಡೌನ್‌ಲೋಡ್ ಮಾಡಿಕೊಳ್ಳಬೇಕು. ಬೆಲೆ ಕೇಳಿ ನನಗೆ ರೇಗಿಹೋಯಿತು. ಬಾಲಕ್ಕೇ ಇಷ್ಟಾದರೆ ಹಸುವಿಗೆಷ್ಟು!

ಮನೆಗೆ ಬಂದು ಅಣ್ಣನ ಮುಂದೆ ಹಾರಾಡಿದೆ. "ಅಂಗಿ ಹೊಲಿದು, ಕಾಲರ್ ಕಿತ್ತಿಟ್ಟುಕೊಂಡು, ಆಮೇಲೆ ಅದನ್ನೇ ಬೇರೆ ಮಾರ್ತಾರಲ್ಲ, ಇವರಿಗೆ ನಾಚಿಕೆ ಬೇಡ್ವಾ?"

"ಕಾಲರ್ ಇರಲಿಲ್ವೇನೇ ಆ ಅಂಗಿಗೆ? ಇಷ್ಟು ದಿನ ಹಾಕ್ಕೊಂಡು ಮೆರೆದ್ವಲ್ಲ. ಆ ಕಥೆ ಪೂರ್ತಿ ಇತ್ತು. ಇದು ಬೇರೆ ತಾನಿನ ಬಟ್ಟೆ."

"ಕಥೆ ಮುಗಿದಮೇಲೆ 'ಆಮೇಲೇನಾಯ್ತು' ಅಂತ ಕೇಳಿದ್ರೆ ಅಜ್ಜಿ ದುಡ್ಡು ಕೇಳ್ತಿದ್ಲಾ?"

"ದುಡ್ಡು ಕೇಳ್ತಿರಲಿಲ್ಲ. ಕಾಲು ಒತ್ತಿಸ್ಕೋತಿದ್ಲು. ರಾಜಕುಮಾರನ ಮದುವೆವರೆಗೂ ಒಂದು ಕಾಲು. ಮದುವೆ ಆದಮೇಲೂ ಅವನನ್ನ ಕಾಡಿಗೆ ಕಳಿಸಬೇಕಾದ್ರೆ ಇನ್ನೊಂದು ಕಾಲು. ನೀನು ಮರೆತಿದ್ದೀಯ, ಒತ್ತಿದವನು ನಾನು."

ನಗು ತಡೆಯಲಾಗಲಿಲ್ಲ. ಮೇಲಿನ ಮಾತು ಹೇಳುವಾಗ ಒತ್ತುವುದು ಹೇಗೆಂದು ತೋರಿಸಲು ಅವನು ಎರಡೂ ಕೈ ಎತ್ತಿದ. ಎಡಗೈ ಮಾತ್ರ ಒತ್ತಿ ತೋರಿಸಿತು.

ಫೆಬ್ರವರಿ 16, ಶುಕ್ರವಾರ

'ಉತ್ತರದ ನೀರು' ಬಂದಿದೆ. ನಾವು ಕಾಯುವುದೆಂದು ತೀರ್ಮಾನವಾಯಿತು.

ಸರಕಿನ ಗುಣ ನನಗೆ ಹೇಳಿಕೊಡಬೇಕಾಗಿಲ್ಲ. ಹೊಸ ಕೋಟು ಬಂದ ವಾರ ಗಾಜಿನ ಹಿಂದೆ ರಾಣಿಯ ಹಾಗೆ ನಿಂತಿರುತ್ತದೆ. ಋತು ತಿರುಗಿತೋ, ಕೆಂಪು ಚೀಟಿ ಅಂಟಿಸಿಕೊಂಡು ಬುಟ್ಟಿಯಲ್ಲಿ ಬಿದ್ದಿರುತ್ತದೆ. ಅದೇ ಕೋಟು, ಅದೇ ಗುಂಡಿ. ಮೊದಲ ವಾರವೇ ಓಡಿ ಬಂದು ಕೊಳ್ಳುವವರನ್ನು ಕಂಡರೆ ನಾವು ಒಳಗೊಳಗೇ ನಗುತ್ತೇವೆ. ಟೋಪಿಯೂ ಅದನ್ನೇ ಹೇಳಿದ. "ಕಾಯಿರಿ ಅಕ್ಕಾ. ಕೆಲವು ತಿಂಗಳು ಕಳೆದ್ರೆ ಅರ್ಧಕ್ಕೆ ಇಳಿಯುತ್ತೆ. ಯಾವತ್ತೂ ತಪ್ಪಿದ್ದಿಲ್ಲ."

ಅಣ್ಣನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ, "ಹಾಗೇ ಮಾಡೋಣ. ಅವಸರ ಏನಿದೆ?" ಎಂದ.

"ಅದೇ ಮತ್ತೆ. ಅವಸರ ಏನಿದೆ?" ಎಂದೆ ನಾನೂ.

ಅತ್ತಿಗೆಗೆ ಈ ಆಟ ಕಂಡರಾಗದು. ದೋಣಿಯ ಸದ್ದಿಗೆ ತಲೆನೋವು ಬರುತ್ತದೆ ಎನ್ನುತ್ತಾರೆ. ಅವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಕೊಂಡುಬಿಡೇ. ಆಡಲಿ ಇವರು" ಎಂದಾಗ ನಾನು ದಂಗಾದೆ.

"ಈಗಲೇ ಯಾಕತ್ತಿಗೆ ಸುಮ್ನೆ? ಅಣ್ಣ ಎಲ್ಲಿಗೆ ಹೋಗ್ತಾನೆ, ನಾನೆಲ್ಲಿಗೆ ಹೋಗ್ತೀನಿ?"

ಅವರು ಆಗಲೇ ಒರೆಸಿದ್ದ ಮೇಜನ್ನು ಇನ್ನೊಂದು ಸಲ ಒರೆಸಿದರು.

ಮಾರ್ಚ್ 17, ಭಾನುವಾರ

ಕೈ ತುಕ್ಕು ಹಿಡಿಯಬಾರದೆಂದು ಹಳೆಯ ಆಟವನ್ನೇ ಮೊದಲಿನಿಂದ ಆಡುತ್ತಿದ್ದೇವೆ. ದಾರಿಯೆಲ್ಲ ಗೊತ್ತಿರುವುದರಿಂದ ಮಾತಿಗೆ ಬಿಡುವು ಸಿಗುತ್ತದೆ. ಅಣ್ಣ ಬಂದರಿನ ಕಥೆ ಹೇಳುತ್ತಾನೆ, ನಾನು ಅಂಗಡಿಯ ಕಥೆ ಹೇಳುತ್ತೇನೆ. ಸೊಂಟದ ಅಳತೆ ಕೊಡುವಾಗ ಉಸಿರು ಒಳಗೆಳೆದುಕೊಳ್ಳುವ ಗಿರಾಕಿಯ ಕಥೆ ಕೇಳಿ ದೋಣಿಯನ್ನು ಬಂಡೆಗೆ ಹತ್ತಿಸಿಬಿಟ್ಟ. ನಗುವಿನಿಂದ ಎಂದುಕೊಂಡೆ. ಎರಡನೆಯ ಸಲವೂ ಅಲ್ಲೇ ಹತ್ತಿತು. ಹೆಬ್ಬೆರಳು ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿನ ಕಡ್ಡಿಯ ಮೇಲೆ ನಿಲ್ಲದೆ ಜಾರುತ್ತಿದೆ.

ಸಂಜೆ ಕುಳಿತು ಒಂದು ಕೈಗವಸು ಹೊಲಿದೆ. ಬರೀ ಹೆಬ್ಬೆರಳಿಗೆ. ತುದಿಯಲ್ಲಿ ಬಿಗಿಯಾದ ಕುಣಿಕೆ, ಅದು ಕಡ್ಡಿಯ ತಲೆಗೆ ಕೂರುತ್ತದೆ. ಒಳಗೆ ಮೆತ್ತನೆ ಬಟ್ಟೆ. ಹಾಕಿ ನೋಡಿದ. ದೋಣಿ ನೀರ ಮೇಲೆ ಗೆರೆ ಎಳೆದ ಹಾಗೆ ಹೋಯಿತು.

"ಸೂಜಿ, ಇದನ್ನ ಮೊದಲೇ ಹೊಲಿದಿದ್ರೆ ಕ್ರೇನ್ ಇಳೀತಾನೇ ಇರಲಿಲ್ಲ ನಾನು."

ಇನ್ನೇನು ಬೇಕು? ಬೆಲೆ ನಿಧಾನವಾಗಿ ಇಳಿಯಲಿ.

ಮೇ 2, ಗುರುವಾರ

ಕೈಗವಸನ್ನು ಮತ್ತೆ ಬಿಚ್ಚಿ ಹೊಲಿದೆ. ಬೆರಳು ಸಣ್ಣಗಾಗುತ್ತಿದೆ. ಅಣ್ಣ ಊಟ ಕಡಿಮೆ ಮಾಡಿದ್ದಾನೆ, ಅದಕ್ಕೇ ಇರಬೇಕು. ಈಗ ಚಮಚದ ಹಿಡಿಕೆಗೂ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟಿದ್ದೇನೆ.

ಮೇ 26, ಭಾನುವಾರ

ಬೆಲೆ ಇಳಿದಿದೆ! ಕಾಲು ಭಾಗದಷ್ಟು.

ಇನ್ನೇನು ಕೊಳ್ಳುವುದರಲ್ಲಿದ್ದೆ, ಟೋಪಿ ತಡೆದ. "ಇಷ್ಟು ದಿನ ಕಾದಿದ್ದೀರ, ಇನ್ನಷ್ಟು ಕಾದ್ರೆ ಅರ್ಧಕ್ಕೇ ಬರುತ್ತೆ. ಆಡಿದವರೂ ಅಂಥಾ ಹೊಗಳ್ತಿಲ್ಲ ಅಕ್ಕಾ. ಬೇಗ ಮುಗಿದುಹೋಗುತ್ತಂತೆ. ನೋಡೋಕೆ ಚೆಂದ, ಆದ್ರೆ ಕೊಟ್ಟ ಕಾಸಿಗೆ ಹೊಟ್ಟೆ ತುಂಬಲ್ಲ ಅಂತಾರೆ."

ಸರಿ ಎಂದು ಬಂದೆ. ಅಣ್ಣನಿಗೆ ಹೇಳಿದಾಗ ತಲೆಯಾಡಿಸಿದ. ಈಗೀಗ ಅವನ ಮಾತು ಒಂದಕ್ಕೊಂದು ಅಂಟಿಕೊಂಡು ಬರುತ್ತದೆ, ಬಾಯಲ್ಲಿ ಬಿಸಿ ಪದಾರ್ಥ ಇಟ್ಟುಕೊಂಡವನ ಹಾಗೆ. ಅದಕ್ಕೇ ಕಡಿಮೆ ಮಾತಾಡುತ್ತಾನೆ.

ಇವತ್ತು ಚುಕ್ಕಾಣಿಗೆ ಅವನದು ಎಡಗೈ.

ಜೂನ್ 19, ಬುಧವಾರ

ಅತ್ತಿಗೆಗೂ ನನಗೂ ಜಗಳ. ಬಟ್ಟೆ ಒಣಹಾಕುವಾಗ ಶುರುವಾಯಿತು.

"ಆ ಆಟ ಕೊಂಡೆಯಾ?"

"ಇನ್ನೂ ಇಲ್ಲ ಅತ್ತಿಗೆ. ಇನ್ನೂ ಇಳೀಬೇಕು."

"ಏನು ಇಳೀಬೇಕು?" ಎಂದರು. ಕೈಯಲ್ಲಿ ಅಣ್ಣನ ಅಂಗಿ ಇತ್ತು. "ನಿನ್ನೆ ಬೆಳಿಗ್ಗೆ ಇವರ ಅಂಗಿಗೆ ಗುಂಡಿ ಹಾಕಿದವಳು ನಾನು. ಇವತ್ತು ಹಲ್ಲುಜ್ಜಿಸಿದವಳೂ ನಾನು. ನಿನಗೆ ಕಣ್ಣಿದೆಯೋ ಇಲ್ವೋ?"

"ಹಾಗಾದ್ರೆ ಈಗಲೇ ಓಡಿಹೋಗಿ ತರಬೇಕಾ? ಓಡಿ ತಂದ್ರೆ ಅಣ್ಣ ಏನಂದುಕೋತಾನೆ?"

ಅತ್ತಿಗೆ ಕೈಯಲ್ಲಿದ್ದ ಅಂಗಿಯನ್ನು ಕೊಡವಿ ಹಗ್ಗಕ್ಕೆ ಹಾಕಿದರು. ಕ್ಲಿಪ್ಪುಗಳು ಮುಗಿದಿದ್ದವು. ಉಳಿದ ಬಟ್ಟೆಯನ್ನು ಹಾಗೆಯೇ ಹಗ್ಗದ ಮೇಲೆ ಎಸೆದು ಒಳಗೆ ಬಂದೆವು. ಸಂಜೆ ನೋಡಿದರೆ ಗಾಳಿಗೆ ಹಾರಿ ಅರ್ಧ ಬಟ್ಟೆ ಪಕ್ಕದವರ ಅಂಗಳದಲ್ಲಿತ್ತು.

ಗುಂಡಿಯ ಬದಲು ಅಂಟುಪಟ್ಟಿ ಹಾಕಿ ಅಣ್ಣನ ಅಂಗಿಗಳನ್ನೆಲ್ಲ ಸರಿಮಾಡಿದೆ. ಮೇಲೆ ಗುಂಡಿಯೂ ಇದೆ, ಆದರೆ ಅದು ಬರೀ ನೋಟಕ್ಕೆ.

ಜುಲೈ 28, ಭಾನುವಾರ

ಆಡಲಿಲ್ಲ. ಸೆಖೆ.

ಸೆಪ್ಟೆಂಬರ್ 12, ಗುರುವಾರ

ಅರ್ಧ ಬೆಲೆ!

ಟೋಪಿ ನಮ್ಮ ಅಂಗಡಿಗೇ ಓಡಿ ಬಂದು ಹೇಳಿದ. ಒಬ್ಬ ಗಿರಾಕಿಯ ಪ್ಯಾಂಟಿಗೆ ಪಿನ್ನು ಚುಚ್ಚುತ್ತಿದ್ದವಳು ಹಾಗೇ ಎದ್ದೆ. ಆ ಮನುಷ್ಯ ಒಂದು ಕಾಲು ಉದ್ದ ಒಂದು ಕಾಲು ಗಿಡ್ಡ ಮಾಡಿಕೊಂಡು ನಿಂತೇ ಇದ್ದ. ಕೊಂಡುಬಿಟ್ಟೆ. ನಾನು ಹೇಳಿರಲಿಲ್ಲವೇ? ಕಾದದ್ದು ಸಾರ್ಥಕ. ಈ ವರ್ಷ ನನ್ನ ಲೆಕ್ಕ ಸರಿಹೋದದ್ದು ಇದೊಂದೇ.

ಭಾನುವಾರ ಅತ್ತಿಗೆಗೆ ರಜೆ. ಅವತ್ತು ಶುರುಮಾಡುತ್ತೇವೆ.

ಸೆಪ್ಟೆಂಬರ್ 15, ಭಾನುವಾರ

ಅಣ್ಣನನ್ನು ದಿಂಬುಗಳ ನಡುವೆ ಕೂರಿಸಿದೆವು. ತಲೆ ವಾಲದಂತೆ ಕುತ್ತಿಗೆಗೆ ನಾನೇ ಹೊಲಿದ ಪಟ್ಟಿ. ಎಡಗೈಗೆ ಕೈಗವಸು. ಕಂಟ್ರೋಲರನ್ನು ತೊಡೆಯ ಮೇಲೆ ಕಟ್ಟಿದೆ.

ಆಟ ತೆರೆಯಿತು. ಅಬ್ಬಾ, ಎಂಥ ನೀಲಿ! ಬೆಳಕು ಮಂಜುಗಡ್ಡೆಯ ಒಳಗಿನಿಂದ ಬರುತ್ತದೆ. ನಮ್ಮ ದೋಣಿ ಹಿಮದ ಬಾಗಿಲಿನ ಮುಂದೆ ನಿಂತಿತು. ಬಾಗಿಲಿಗೆ ಎರಡು ಹಗ್ಗ. ಇಬ್ಬರೂ ಒಟ್ಟಿಗೆ ಎಳೆದು ಹಿಡಿದರೆ ಮಾತ್ರ ಅದು ಮೇಲೇಳುತ್ತದೆ.

ನಾನು ಎಳೆದೆ. ಅಣ್ಣ ಎಳೆಯಲಿಲ್ಲ.

"ಒತ್ತು ಅಣ್ಣ, ಆ ಹಿಂದಿನ ಬಟನ್ನು."

ಅವನು ಒತ್ತುತ್ತಿದ್ದ. ಹಣೆಯ ಮೇಲೆ ಬೆವರು ಮೂಡಿತ್ತು. ಬೆರಳು ಬಟನ್ನಿನ ಮೇಲೆ ಇತ್ತು, ಅಷ್ಟೆ. ಮೇಜಿನ ಮೇಲೆ ಯಾರೋ ಬಿಟ್ಟುಹೋದ ವಸ್ತುವಿನ ಹಾಗೆ. ಬಾಗಿಲು ಸ್ವಲ್ಪ ಅಲುಗಾಡುತ್ತದೆ, ನನ್ನ ಕಡೆಯಿಂದ ಮಾತ್ರ. ಮತ್ತೆ ಬೀಳುತ್ತದೆ. ಮತ್ತೆ ಎಳೆದೆ. ಅತ್ತಿಗೆ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ಪಾತ್ರೆ ತೊಳೆಯುವ ಸದ್ದು ಬರಲಿಲ್ಲ. ಬರೀ ನೀರು ಬೀಳುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಆಟವೇ ಕೇಳಿತು: ಎರಡನೆಯ ಆಟಗಾರ ಇಲ್ಲವೆಂದು ಕಾಣುತ್ತದೆ, ಅವರ ಜಾಗದಲ್ಲಿ ಕಂಪ್ಯೂಟರ್ ಆಡಲೇ?

ಅಣ್ಣ ಅದನ್ನು ಓದಿದ. ನಾನು ಓದದವಳ ಹಾಗೆ ಕುಳಿತಿದ್ದೆ. "ಊಂ" ಎಂದ. ಒತ್ತಿದೆ. ಆಟದ ದೋಣಿಯಲ್ಲಿದ್ದ ಅವನ ಮನುಷ್ಯ ಥಟ್ಟನೆ ಎದ್ದು ಹಗ್ಗ ಹಿಡಿದ. ಬಾಗಿಲು ಹೂವಿನ ಹಾಗೆ ತೆರೆಯಿತು.

ಸೆಪ್ಟೆಂಬರ್ 22, ಭಾನುವಾರ

ಕಂಪ್ಯೂಟರು ಚೆನ್ನಾಗಿಯೇ ಚುಕ್ಕಾಣಿ ಹಿಡಿಯುತ್ತದೆ. ಬಂಡೆಗೆ ತಾಗಿಸುವುದಿಲ್ಲ. ನಗಿಸುವುದೂ ಇಲ್ಲ. ನಾನು ಹಗ್ಗ ತಪ್ಪಿದರೆ ಬೈಯುವುದಿಲ್ಲ, ಸುಮ್ಮನೆ ಕಾಯುತ್ತದೆ. ಎರಡು ದೀಪ ಹೊತ್ತಿದವು. ಅಣ್ಣ ನೋಡುತ್ತಿದ್ದ. ತನ್ನ ಮನುಷ್ಯನನ್ನೇ ನೋಡುತ್ತಿದ್ದ.

ಮೂರನೆಯ ದೀಪಕ್ಕೆ ಹೋಗುವಾಗ ಏನೋ ಹೇಳಿದ. ನನಗೆ ತಿಳಿಯಲಿಲ್ಲ. ಇನ್ನೊಂದು ಸಲ ಹೇಳಿದ, ಆಗಲೂ ತಿಳಿಯಲಿಲ್ಲ. ಅತ್ತಿಗೆ ಬಂದು ಬಾಯಿಯ ಹತ್ತಿರ ಕಿವಿಯಿಟ್ಟರು.

"ಎಷ್ಟು ಸಲೀಸಾಗಿ ಹೋಗ್ತಾನೆ ನೋಡು, ಅಂತಿದ್ದಾರೆ."

ದಣಿದಿರಬೇಕೆಂದು ನಿಲ್ಲಿಸಿದೆ.

ಅಕ್ಟೋಬರ್ 13, ಭಾನುವಾರ

ಇವತ್ತಿನದನ್ನು ಬರೆಯಲೇಬೇಕು.

ಮೂರು ವಾರ ಆಟ ಮುಟ್ಟಿರಲಿಲ್ಲ. ಮಧ್ಯಾಹ್ನ ಅತ್ತಿಗೆಗೆ ಏನು ಅನಿಸಿತೋ, ಕೈ ಒರೆಸಿಕೊಂಡು ಬಂದು ಅಣ್ಣನ ಪಕ್ಕ ಕುಳಿತು, "ಕೊಡಿಲ್ಲಿ, ಆ ಯಂತ್ರಕ್ಕಿಂತ ನಾನೇನು ಕಡಿಮೆ?" ಎಂದು ಅವನ ಕಂಟ್ರೋಲರನ್ನು ಎತ್ತಿಕೊಂಡರು. ತಲೆಕೆಳಗಾಗಿ ಹಿಡಿದಿದ್ದರು.

ಅಯ್ಯೋ ಆ ದೋಣಿಯ ಪಾಡು! ಎಡಕ್ಕೆ ಎಂದರೆ ಅವರೇ ಎಡಕ್ಕೆ ವಾಲುತ್ತಾರೆ, ದೋಣಿ ಬಲಕ್ಕೆ ಹೋಗುತ್ತದೆ. "ನಿಲ್ಸೇ! ಬ್ರೇಕ್ ಎಲ್ಲಿದೆ ಇದಕ್ಕೆ?" ಎಂದು ಕೂಗುತ್ತಾರೆ. ಒಂದು ಮಂಜುಗಡ್ಡೆಗೆ ಗುದ್ದಿ, ಹೊರಳಿ, ಇನ್ನೊಂದಕ್ಕೆ ಗುದ್ದಿ, ಕೊನೆಗೆ ಅದೇ ಹಿಮದ ಬಾಗಿಲಿನಿಂದ ಹಿಮ್ಮುಖವಾಗಿ ಹೊರಗೆ ಬಂದು ನಿಂತೆವು. "ಬಂದ ದಾರಿ ಗೊತ್ತಿದೆಯಲ್ಲ, ಅದೇ ದೊಡ್ಡದು" ಎಂದರು ಅತ್ತಿಗೆ.

ಅಣ್ಣನ ಭುಜ ಕುಲುಕುತ್ತಿತ್ತು. ಸದ್ದಿಲ್ಲ, ಕಣ್ಣಿನಲ್ಲಿ ನೀರು. ನಗುತ್ತಿದ್ದ! ನಾವೂ ಬಿದ್ದುಬಿದ್ದು ನಕ್ಕೆವು. ಆಮೇಲೆ ಆ ಕುಲುಕಾಟ ಬೇರೆಯಾಯಿತು. ಉಸಿರು ಒಳಗೆ ಹೋಗುತ್ತಿರಲಿಲ್ಲ. ತುಟಿ ನೀಲಿಯಾಯಿತು. ಅತ್ತಿಗೆ ಅವನನ್ನು ಮುಂದಕ್ಕೆ ಬಾಗಿಸಿ ಹಿಡಿದರು. ನಾನು ಆಂಬುಲೆನ್ಸಿಗೆ ಫೋನು ಮಾಡಿದೆ. ವಿಳಾಸ ಕೇಳಿದರೆ ನನ್ನ ಹಳೆಯ ಕೋಣೆಯದನ್ನು ಹೇಳಿದ್ದೆ, ಆಮೇಲೆ ತಿದ್ದಿದೆ.

ಅಕ್ಟೋಬರ್ 27, ಭಾನುವಾರ

ಅಣ್ಣನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಮೂಗು ಬಾಯಿಗೆ ಮಾಸ್ಕು, ಮಂಚದ ಪಕ್ಕ ಉಸಿರಿನ ಯಂತ್ರ. ಮಾಸ್ಕಿನ ಪಟ್ಟಿ ಕಿವಿಯ ಹಿಂದೆ ಕೊರೆಯುತ್ತದೆ. ಒಳಗೆ ಮೆತ್ತನೆ ಬಟ್ಟೆ ಕೊಟ್ಟು ಹೊಲಿದೆ.

ಮಾತು ಪೂರ್ತಿ ನಿಂತಿದೆ. ನರ್ಸಮ್ಮ ಒಂದು ಗುರುತು ಹೇಳಿಕೊಟ್ಟರು. ಕಣ್ಣು ಒಂದು ಸಲ ಮಿಟುಕಿಸಿದರೆ ಹೌದು, ಎರಡು ಸಲ ಮಿಟುಕಿಸಿದರೆ ಇಲ್ಲ ಅಥವಾ ಬೇಡ. ನೀರು ಬೇಕಾ? ಹೌದು. ಹೊದಿಕೆ? ಬೇಡ. ಅತ್ತಿಗೆ, "ನನ್ನ ಮೇಲೆ ಕೋಪನಾ?" ಎಂದು ಕೇಳಿದರು. ಎರಡು ಸಲ ಮಿಟುಕಿಸಿದ. ಅತ್ತಿಗೆ ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದರು. ಪಾಪ, ಅವನು ಪ್ರತಿ ಸಲವೂ ಎರಡೆರಡು ಮಿಟುಕಿಸಿದ.

ನವೆಂಬರ್ 9, ಶನಿವಾರ

ರಿಮೋಟಿನ ಬ್ಯಾಟರಿಗೆಂದು ಟೋಪಿಯ ಅಂಗಡಿಗೆ ಹೋಗಿದ್ದೆ. ಅಲ್ಲಿ ಒಬ್ಬಳು ಹೆಂಗಸು, ಕೂದಲಲ್ಲೆಲ್ಲ ಸುಣ್ಣಬಣ್ಣದ ಚುಕ್ಕಿ. ಮನೆಗಳಿಗೆ ಬಣ್ಣ ಹೊಡೆಯುವವಳಂತೆ. ಅವಳೂ ಅವಳ ಅಕ್ಕನೂ ನಮ್ಮ ದೀಪದಾಟ ಮುಗಿಸಿದ್ದಾರೆ. 'ಉತ್ತರದ ನೀರು' ಕೊಳ್ಳಲೋ ಬೇಡವೋ ಎಂದು ಕೇಳುತ್ತಿದ್ದಳು. ಅರ್ಧ ಬೆಲೆಯ ದಿನಗಳು ಮುಗಿದು ಮತ್ತೆ ಪೂರ್ತಿ ಬೆಲೆಗೆ ಹೋಗಿದೆಯಂತೆ. ಟೋಪಿ ಎಂದಿನ ಹಾಗೆ, "ಸ್ವಲ್ಪ ಕಾಯಿರಿ, ಮತ್ತೆ ಇಳಿಯುತ್ತೆ" ಎಂದ.

"ಇವತ್ತೇ ತಗೊಳ್ಳಿ" ಎಂದೆ. ಜೋರಾಗಿಯೇ ಬಂತು.

ಇಬ್ಬರೂ ತಿರುಗಿ ನೋಡಿದರು. "ಅಷ್ಟು ಚೆನ್ನಾಗಿದೆಯಾ?" ಎಂದಳು ಅವಳು.

"ಇಲ್ಲ. ಅಂಥದ್ದೇನಿಲ್ಲ. ಬೇಗ ಮುಗಿದುಹೋಗುತ್ತಂತೆ."

"ಮತ್ತೆ?"

ನಾನು ಬ್ಯಾಟರಿ ತೆಗೆದುಕೊಂಡು ಹೊರಡುವಾಗ ಅವಳು ಹಣ ತೆಗೆಯುತ್ತಿದ್ದಳು. ಹಾಗೇಕೆ ಹೇಳಿದೆನೋ. ಅನ್ಯಾಯವಾಗಿ ಅವಳಿಗೆ ಪೂರ್ತಿ ಬೆಲೆ ಕೊಡಿಸಿದೆ.

ನವೆಂಬರ್ 10, ಭಾನುವಾರ

ಅತ್ತಿಗೆ ಔಷಧಿ ತರಲು ಹೋಗಿದ್ದರು. ಮನೆಯಲ್ಲಿ ನಾನು, ಅಣ್ಣ, ಯಂತ್ರದ ಉಸಿರು. ಕಿಟಕಿಯ ಬೆಳಕು ಅವನ ಮುಖಕ್ಕೆ ಬೀಳದಂತೆ ಪರದೆ ಎಳೆದೆ. ಟಿವಿ ಹಾಕಿದೆ. ನಮ್ಮ ದೋಣಿ ಅತ್ತಿಗೆ ನಿಲ್ಲಿಸಿದಲ್ಲೇ, ಬಾಗಿಲಿನ ಹೊರಗೆ, ನಿಂತಲ್ಲೇ ತೂಗುತ್ತಿತ್ತು. ಹೊತ್ತಿಸಬೇಕಾದ ದೀಪಗಳು ಇನ್ನೂ ಇವೆ.

"ಅಣ್ಣ, ಆಡ್ಲಾ? ನೀನು ನೋಡ್ತೀಯಾ?" ಎಂದೆ.

ಅವನು ಟಿವಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಕಣ್ಣು ಮುಚ್ಚಿದ.

ಒಂದು ಎಂದುಕೊಂಡು, ಇನ್ನೊಂದು ಇದೆಯೋ ಏನೋ ಎಂದು ನೋಡುತ್ತಿದ್ದೆ. ಕಣ್ಣು ತೆರೆಯಲಿಲ್ಲ. ನಿದ್ದೆಯಲ್ಲ, ರೆಪ್ಪೆಯ ಕೆಳಗೆ ಗುಡ್ಡೆ ಅಲುಗಾಡುತ್ತಿತ್ತು. ಹೌದು ಎಂಬುದಕ್ಕೆ ಗುರುತಿದೆ, ಬೇಡ ಎಂಬುದಕ್ಕೆ ಇದೆ. ಹೀಗೆ ಮುಚ್ಚಿಕೊಂಡೇ ಇದ್ದರೆ ಏನೆಂದು ನಾವು ಮಾತಾಡಿಕೊಂಡಿರಲಿಲ್ಲ.

ಕಂಟ್ರೋಲರ್ ಕೈಯಲ್ಲೇ ಇತ್ತು. ಅವನು ಕಣ್ಣು ಬಿಡಲಿ ಎಂದು ಕಾಯುತ್ತಾ ಕುಳಿತೆ.